ವಾಟಣಿಯಾಗದ ತಂತಿ

ಟಬ್ಬಿಗೆ ನೀರು ತುಂಬಿ ಎರಡು ದಿನವಾಗಿದ್ದರೂ ಅದು ಇನ್ನೂ ಬಾವಿಯ ನೀರಿನಷ್ಟೇ ತಣ್ಣಗಿತ್ತು. ಹೀಟರಿನ ಗುಂಡಿ ಒತ್ತಿದ್ದೇ ತಡ, ಕರೆಂಟು ಸೋರಿದರೆ ಲೈನು ಕಡಿಯಲೆಂದು ಬೋರ್ಡಿನಲ್ಲಿ ಹೊಸದಾಗಿ ಕೂರಿಸಿದ್ದ ಟ್ರಿಪ್ಪರ್ ಟಪ್ಪೆಂದು ಬೀಳುತ್ತಿತ್ತು. ಹತ್ತರಗಿಯ ವೃಷಭನ ಮನೆಯ ಹಿಂದಿನ ಪಡಸಾಲೆಯಲ್ಲಿ, ಕೊಣ್ಣೂರಿನಿಂದ ಬಂದ ಎಲೆಕ್ಟ್ರಿಷಿಯನ್ ಖಲೀಲ ಬೆಳಗಿನಿಂದ ಮಂಡಿಯೂರಿ ಕುಳಿತಿದ್ದ.

ವೃಷಭ ಗಾಲಿಕುರ್ಚಿಯಿಂದ ನೋಡುತ್ತಿದ್ದ. ಹೈವೇಯಲ್ಲಿ ಬೈಕು ಉರುಳಿ ಬೆನ್ನು ಹೋದ ಮೇಲೆ ಬಿಸಿನೀರಿನಲ್ಲಿ ಕುಳಿತಷ್ಟು ಹೊತ್ತು ಮಾತ್ರ ಅವನಿಗೆ ನೋವು ಬಿಡುತ್ತಿತ್ತು. ಅದಕ್ಕೇ ಪುಣೆಯಿಂದ ಈ ಟಬ್ಬು ತರಿಸಿದ್ದ. ಟ್ರಿಪ್ಪರ್ ಕಿತ್ತೊಗೆದು ನೇರ ಜೋಡಿಸಿಬಿಡು ಎಂದು ಅವನು ಮೂರು ಸಲ ಹೇಳಿದ್ದ. ನೀರಿನಲ್ಲಿ ಕೂರುವವರು ನೀವು, ನಾನಲ್ಲ ಎಂದು ಖಲೀಲ ಮೂರು ಸಲವೂ ನಕ್ಕಿದ್ದ.

ಹೀಟರು ಬಿಚ್ಚಿದ, ಪಂಪು ಬಿಚ್ಚಿದ. ಕೊನೆಗೆ ಟಬ್ಬನ್ನೇ ಬೇರ್ಪಡಿಸಿ ಅದೇ ಲೈನಿಗೆ ಒಂದು ಬಲ್ಬು ಹಚ್ಚಿದ. ಆಗಲೂ ಟ್ರಿಪ್ಪರ್ ಬಿತ್ತು. ದೋಷ ಟಬ್ಬಿನದಲ್ಲ, ಮನೆಯದು.

ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಅಷ್ಟೇ ಮರಳಬೇಕು. ಕಡಿಮೆ ಮರಳಿದರೆ ಟ್ರಿಪ್ಪರ್ ಬೀಳುತ್ತದೆ. ಪರೀಕ್ಷೆಗೆಂದು ಕ್ಷಣಹೊತ್ತು ಟ್ರಿಪ್ಪರ್ ತಪ್ಪಿಸಿ ಲೈನು ಜೋಡಿಸಿ, ಖಲೀಲ ತಂತಿಗಳಿಗೆ ಕರೆಂಟು ಅಳೆಯುವ ಮೀಟರು ಕಚ್ಚಿಸಿದ. ಹೋಗುವುದರಲ್ಲಿ ಕರೆಂಟು ಇತ್ತು. ಮರಳುವುದರಲ್ಲಿ ಸೊನ್ನೆ. ಆದರೂ ಬಲ್ಬು ಉರಿಯುತ್ತಿತ್ತು. ಅಂದರೆ ಕರೆಂಟು ಬೇರೆ ದಾರಿ ಹಿಡಿದು ಮರಳುತ್ತಿತ್ತು. ಲೈನು ಬಂದ್ ಮಾಡಿ, ಏಣಿ ಹತ್ತಿ ಚಾವಣಿಯ ಮೂಲೆಯ ಡಬ್ಬಿ ತೆಗೆದು, ಮರಳುವ ಕಪ್ಪು ತಂತಿಯನ್ನು ಬೆರಳಿನಿಂದ ಹಿಂಬಾಲಿಸಿದ. ಅದು ಮನೆಯ ನಡುವಿನ ಗೋಡೆಯೊಳಗೆ ನುಗ್ಗಿ ಆಚೆಗೆ ಹೋಗಿತ್ತು.

ಆಚೆಗೆ ವೃಷಭನ ಅಣ್ಣ ಪಾರ್ಶ್ವನಾಥನ ಮನೆ.

ಗೋಡೆ ಎದ್ದದ್ದು ಒಂಬತ್ತು ವರ್ಷದ ಹಿಂದೆ, ಆಸ್ತಿಯ ವಾಟಣಿಯಲ್ಲಿ. ಅಣ್ಣತಮ್ಮಂದಿರು ಪಾತ್ರೆ ಹಂಚಿಕೊಂಡರು, ಹೊಲ ಹಂಚಿಕೊಂಡರು, ಬಾವಿಗೆ ಪಾಳಿ ಹಚ್ಚಿದರು. ತಂತಿ ಹಂಚಲು ಒಬ್ಬನೇ ಬಂದ ಖಲೀಲನಿಗೆ ಮಾತ್ರ ಇಬ್ಬರೂ ತಮ್ಮ ಪಾಲಿನ ಗೋಡೆಯ ಗಿಲಾವನ್ನು ಒಂದು ಗೇಣೂ ಒಡೆಯಲು ಬಿಡಲಿಲ್ಲ. ಒಡೆದರೆ ತನ್ನ ಪಾಲೇ ಕಡಿಮೆಯಾದಂತೆ ಇಬ್ಬರ ಹಟ. ಬೇಸತ್ತ ಖಲೀಲ ತಮ್ಮನ ಮೀಟರಿನಿಂದ ಹಿಂದಿನ ಪಡಸಾಲೆಗೆ ಹೋಗುವ ತಂತಿಯೊಂದನ್ನೇ ಹೊಸದಾಗಿ ಎಳೆದು, ಮರಳುವ ತಂತಿಯನ್ನು ಅಣ್ಣನ ಮನೆಯಲ್ಲೇ ಬಿಟ್ಟು ಬಂದಿದ್ದ. ದೀಪಗಳು ಹತ್ತಿದವು. ಇಂಥ ಜೋಡಣೆ ಬೇರೆ ಎಲೆಕ್ಟ್ರಿಷಿಯನ್ನರೂ ಮಾಡುತ್ತಿದ್ದರು. ಮರೆತೂ ಬಿಟ್ಟಿದ್ದ.

ಏಣಿಯ ಮೇಲೆ ನಿಂತವನಿಗೆ ಸುಮನ್ ನೆನಪಾದ. ಕೆಳಗಿಳಿದು ಕುಳಿತ.

ಸುಮನ್ ಹನ್ನೊಂದು ವರ್ಷ ಅವನ ಜೊತೆ ಕೆಲಸ ಮಾಡಿದವನು. ಹೋದ ಶ್ರಾವಣದಲ್ಲಿ ಪಾರ್ಶ್ವನಾಥನ ಬೋರ್ಡು ಬಿಚ್ಚುವಾಗ ಸತ್ತಿದ್ದ. ಮೇನ್ ಸ್ವಿಚ್ಚನ್ನು ಮೊದಲೇ ನಾನೇ ಕೆಳಗೆ ಎಳೆದಿದ್ದೆ ಎಂದು ಪಾರ್ಶ್ವನಾಥನ ಹೆಂಡತಿ ವಂದನಾ ಅಳುತ್ತಾ ಹೇಳಿದ್ದಳು. ಯಾರೂ ನಂಬಲಿಲ್ಲ, ಬಂದ್ ಆದ ಮನೆಯಲ್ಲಿ ಕರೆಂಟು ಎಲ್ಲಿಂದ ಬಂದೀತು? ವಿಚಾರಣೆಗೆ ಬಂದ ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರು ಖಲೀಲನನ್ನು ಕೇಳಿದರು. ಆಕೆ ಗಾಬರಿಯಲ್ಲಿ ಆಮೇಲೆ ಎಳೆದಿರಬೇಕು, ಸುಮನ್ ಮೊದಲಿನಿಂದಲೂ ಅವಸರದವನು ಎಂದು ಖಲೀಲ ಹೇಳಿದ. ಕಾಗದದಲ್ಲಿ ಹಾಗೇ ದಾಖಲಾಯಿತು.

ಆ ಹೊತ್ತಿನಲ್ಲಿ ಈಚೆ ವೃಷಭನ ಪಡಸಾಲೆಯಲ್ಲಿ ವಾಷಿಂಗ್ ಮಷಿನ್ ತಿರುಗುತ್ತಿದ್ದಿರಬೇಕು. ಅದರ ಕರೆಂಟು ಗೋಡೆ ದಾಟಿ, ಸುಮನ್ ಬಿಚ್ಚಿ ಹಿಡಿದ ಕಪ್ಪು ತಂತಿಗೆ ಬಂದಿತ್ತು.

ಮುಚ್ಚಿಡಲಾಗದೆ ಖಲೀಲ ಎಲ್ಲವನ್ನೂ ಹೇಳಿದ. ವೃಷಭ ನಡುವಿನ ಗೋಡೆಯತ್ತ ಕುರ್ಚಿ ತಿರುಗಿಸಿದ.

"ಅಂದ್ರ ನನ್ನ ಮನಿ ಕರೆಂಟ ಅಂವನ್ನ ಕೊಂದೈತಿ."

"ನಿಮ್ಮದಲ್ರಿ. ನಾ ಬಿಟ್ಟ ತಂತಿ."

"ನಮ್ಮಣ್ಣಗ ಎರಡೂ ಒಂದ. ಕೋರ್ಟಿಗೆ ಎಳಿಯಾಕ ಅಂವಗ ಒಂದು ದಾರ ಸಾಕು, ನೀ ತಂತೀನ ಕೊಡಾಕತ್ತಿ." ಸ್ವಲ್ಪ ತಡೆದು ದನಿ ತಗ್ಗಿಸಿದ. "ಕತ್ತರಿಸಿ ಬಿಡು, ಖಲೀಲ. ಹೊಸಾದ ಎಳಿ. ನೀನೂ ಉಳೀತಿ, ನಾನೂ ನೀರಾಗ ಕುಂದರತೇನಿ."

ಕಟ್ಟರು ಖಲೀಲನ ಕೈಯಲ್ಲೇ ಇತ್ತು. ಒಂದು ಕಚ್ಚಿಗೆ ಮುಗಿಯುವ ಕೆಲಸ. ಆಮೇಲೆ ಕಾಗದದಲ್ಲಿ ಸುಮನ್‌ನ ಅವಸರವೇ ಶಾಶ್ವತ. ಅವನು ಕಟ್ಟರನ್ನು ಚೀಲಕ್ಕೆ ಹಾಕಿ, ಹಿಂದಿನ ಪಡಸಾಲೆಯ ಲೈನಿನ ಫ್ಯೂಜು ಕಿತ್ತು ಜೇಬಿಗಿಳಿಸಿದ. ಇನ್ಸ್‌ಪೆಕ್ಟರು ಬಂದು ನೋಡುವ ತನಕ ಇದನ್ನು ಯಾರೂ ಮುಟ್ಟಬಾರದು ಎಂದ. ವೃಷಭ ಬಯ್ಯಲಿಲ್ಲ. ಕುರ್ಚಿಯನ್ನು ಟಬ್ಬಿನ ಬಳಿ ಸರಿಸಿಕೊಂಡು ತಣ್ಣೀರಿನಲ್ಲಿ ಕೈಯಿಟ್ಟು ಕುಳಿತ. ಅವನತ್ತ ನೋಡದೆ ಖಲೀಲ ಹೊರಬಿದ್ದ.

ಕೊಣ್ಣೂರಿನಲ್ಲಿ ಸುಮನ್‌ನ ಹೆಂಡತಿ ಮಾಯಾ ಹೊಲಿಗೆ ಯಂತ್ರದ ಮುಂದಿದ್ದಳು. ಖಲೀಲ ಬಾಗಿಲಲ್ಲೇ ನಿಂತು ಹೇಳಿ ಮುಗಿಸಿದ. ಆಕೆಯ ಕಾಲು ಪೆಡಲಿನ ಮೇಲೆ ನಿಂತಿತು.

"ಆಗ ನಿಮಗ ಗೊತ್ತಿತ್ತೇನ್ರಿ?"

"ಇಲ್ಲವ್ವಾ. ಗೋಡಿ ಆಚಿ ಹೋಗಿ ಒಂದ ಸಲ ನೋಡಿದ್ರ ಗೊತ್ತಾಗತಿತ್ತು. ನೋಡಲಿಲ್ಲ."

ಆಕೆ ಸೂಜಿಯ ಕೆಳಗಿನಿಂದ ಬಟ್ಟೆ ಬಿಡಿಸಿ ಮಡಚಿದಳು.

"ನಿಮ್ಮಪ್ಪ ಹೆಂಗ ಸತ್ತ ಅಂತ ಯಾರರ ಕೇಳಿದ್ರ, ದಡ್ಡತನಾ ಮಾಡಿ ಸತ್ತ ಅಂತ ಹೇಳತಾಳ್ರಿ ನನ್ನ ಮಗಳು. ಊರಾಗ ಕೇಳಿ ಕಲತಾಳ." ಮಡಚಿ ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ಬಿಚ್ಚಿ ಅವನ ಮುಂದಿಟ್ಟಳು. "ಸಾಲಿ ನಾಕೂವರಿಗೆ ಬಿಡತೈತಿ. ಕುಂದರ್ರಿ. ಆಕಿಗೆ ನೀವ ಹೇಳ್ರಿ."

ಖಲೀಲ ಕುಳಿತ. ಆಗಿನ್ನೂ ಮೂರು ಗಂಟೆ.