ಎರಿಕ್ ಸಾಹೇಬರ ಅಖಾಡ

ಹರಿಹರದ ನಮ್ಮ ಗರಡಿಯಲ್ಲಿ ಒಂದು ಪದ್ಧತಿ ಇದೆ. ಕುಸ್ತಿ ಬಿಡುವ ಪೈಲ್ವಾನ ಕೊನೆಯ ಸಲ ಅಖಾಡಕ್ಕೆ ಇಳಿದು, ಮಣ್ಣು ಹಣೆಗೆ ಹಚ್ಚಿಕೊಂಡು, ತನ್ನ ಕಾಲ ಮೇಲೆ ತಾನೇ ಹೊರಗೆ ಬರಬೇಕು. ಪೆಟ್ಟು ತಿಂದವನನ್ನು ಹೊತ್ತು ಹೊರಗೆ ಒಯ್ದಿದ್ದರೂ, ವಾಸಿಯಾದ ಮೇಲೆ ಕರೆತಂದು ಇಳಿಸುತ್ತೇವೆ. ಅಲ್ಲಿಯವರೆಗೆ ಅವನ ಕುಸ್ತಿ ಮುಗಿದಂತಲ್ಲ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ನಾನು, ಬೊಮ್ಮಣ್ಣ. ಈ ವಿಷಯದಲ್ಲಿ ನನ್ನ ಹತ್ತಿರ ಯಾರೂ ವಾದ ಮಾಡಬಾರದು.

ಅರವತ್ತೆರಡರ ಬೇಸಿಗೆಯಲ್ಲಿ ಸ್ವೀಡನ್ ದೇಶದ ಎರಿಕ್ ಸಾಹೇಬರು ನಮ್ಮೂರ ಕಾರ್ಖಾನೆಗೆ ಹೊಸ ಯಂತ್ರ ಜೋಡಿಸಲು ಬಂದಿದ್ದರು. ಭಾರಿ ಆಳು, ಆದರೆ ಬಲಗಾಲು ಕುಂಟು. ಮಂಡಿ ನೀವಿಸಲು ಅವರನ್ನು ಕಾರ್ಖಾನೆಯ ಗುಮಾಸ್ತ ಶಿವಮೂರ್ತಪ್ಪ ನನ್ನಲ್ಲಿಗೆ ಕರೆತಂದ. ಎಣ್ಣೆ ಹಚ್ಚುತ್ತಾ ಏನಾಯಿತೆಂದು ಕೇಳಿದೆ. ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶಿವಮೂರ್ತಪ್ಪ ಕನ್ನಡದಲ್ಲಿ ಹೇಳಿದ.

ಅವರ ನಾಡಿನಲ್ಲಿ ಚಳಿಗಾಲಕ್ಕೆ ಕೆರೆಯೇ ಐಸಾಗಿ ಗಟ್ಟಿಯಾಗುತ್ತದಂತೆ. ಕಾಲಿಗೆ ಕಬ್ಬಿಣದ ಅಲಗು ಕಟ್ಟಿಕೊಂಡು ಐಸಿನ ಮೇಲೆ ಕೋಲು ಹಿಡಿದು ಹಾಕಿ ಆಟ ಆಡುತ್ತಾರಂತೆ. ಇವರು ಆ ಆಟದಲ್ಲಿ ಊರೂರಲ್ಲಿ ಹೆಸರು ಮಾಡಿದವರು. ಒಂದು ಪಂದ್ಯದಲ್ಲಿ ಮಂಡಿ ಮುರಿಯಿತು, ಸ್ಟ್ರೆಚರ್ ಮೇಲೆ ಹೊರಗೆ ಒಯ್ದರು. ಆಮೇಲೆ ನಾಚಿಕೆಯಾಗಿ ಮತ್ತೆ ಐಸಿನ ಮೇಲೆ ಕಾಲಿಟ್ಟಿಲ್ಲ.

ನನ್ನ ಕೈ ನಿಂತಿತು. "ಹಂಗಾರೆ ಇವ್ರ ಆಟ ಇನ್ನೂ ಮುಗ್ದಿಲ್ಲ. ಇಳಿಸಿ ಹತ್ತಿಸ್ಬೇಕು."

"ಎಲ್ಲಿ ಇಳಿಸ್ತಿ ಮಾರಾಯ? ನಮ್ ಹೊಳಿ ಗಟ್ಟಿ ಆಗೈತೇನು?" ಎಂದ ಶಿವಮೂರ್ತಪ್ಪ.

"ದಾವಣಗೆರಿಯಾಗ ಐಸ್ ಫ್ಯಾಕ್ಟ್ರಿ ಐತಲ್ಲ!"

ಅವನು ನಕ್ಕ. ನಮ್ಮ ಪದ್ಧತಿಯನ್ನು ಅವನಿಂದ ಇಂಗ್ಲಿಷಿನಲ್ಲಿ ಕೇಳಿ ತಿಳಿದ ಮೇಲೆ ಸಾಹೇಬರು ನಗಲಿಲ್ಲ. ಬರುತ್ತೇನೆ ಎಂದರು.

ಅವರು ಊರಿಗೆ ಹೊರಡುವ ಹಿಂದಿನ ದಿನ ದಾವಣಗೆರೆಗೆ ಹೋಗಿ ಒಂದು ದೊಡ್ಡ ಐಸ್ ದಿಮ್ಮಿಯನ್ನು ಮರದ ಹೊಟ್ಟು, ಗೋಣಿಯಲ್ಲಿ ಸುತ್ತಿಸಿ ಬಸ್ಸಿನ ಟಾಪ್ ಮೇಲೆ ಹಾಕಿಸಿದೆ. ದಾರಿಯುದ್ದಕ್ಕೂ ಕಿಟಕಿ ಪಕ್ಕ ಕೂತವರ ಮೇಲೆ ನೀರು. "ಮ್ಯಾಲೆ ಯಾರ ಕೂಸು ಕುಂದ್ರಿಸೀರೋ!" ಎಂದು ಒಬ್ಬ ಅಜ್ಜಿ ಹರಿಹರದವರೆಗೂ ಬೈದಳು.

ದಿಮ್ಮಿಯನ್ನು ಅಖಾಡದ ನಡುವೆ ಇಟ್ಟೆವು. ಕಾರ್ಖಾನೆ ಬಿಡುವ ಸೈರನ್ ಆಯಿತು, ಸಾಹೇಬರು ಬರಲಿಲ್ಲ. ಯಂತ್ರ ಓಡಿಸಿ ನೋಡುತ್ತಿದ್ದಾರೆ, ಬಿಟ್ಟು ಬರುವ ಹಾಗಿಲ್ಲ ಎಂದು ಸುದ್ದಿ ಬಂತು. ಐಸು ಕರಗುತ್ತಿತ್ತು. ನಾನು ಬಿಸಿಲನ್ನು ಬೈದೆ, ಯಂತ್ರವನ್ನು ಬೈದೆ, ಕೊನೆಗೆ ಶಿವಮೂರ್ತಪ್ಪನನ್ನೂ ಬೈದೆ.

"ನೀವು ಬೈದ್ರೆ ಐಸು ನಿಲ್ತೈತಾ? ಇನ್ನೊಂದು ಗೋಣಿ ಹೊದಿಸ್ರಿ," ಎಂದಳು ನನ್ನ ಹೆಂಡತಿ ನೀಲಕ್ಕ.

ಸಾಹೇಬರು ಗ್ರೀಸು ಮೆತ್ತಿದ ಕೈಯಲ್ಲೇ ಕುಂಟುತ್ತಾ ಓಡಿ ಬಂದಾಗ ಉಳಿದಿದ್ದು ಊಟದ ಮಣೆಯಷ್ಟು. ಅದನ್ನು ನೋಡಿ ನನಗೆ ಅಳು ಬಂತು. ಅವರು ಬೂಟು ಬಿಚ್ಚಿ, ಬರಿಗಾಲಲ್ಲಿ ಕೆಸರು ತುಳಿದು ಅದರ ಮೇಲೆ ಹತ್ತಿ ನಿಂತರು. ಬಗ್ಗಿ ಐಸು ಮುಟ್ಟಿ, ನಮ್ಮ ಪೈಲ್ವಾನರ ಹಾಗೆಯೇ ಆ ಕೈಯನ್ನು ಹಣೆಗೆ ಒತ್ತಿಕೊಂಡರು. ಇಳಿಯುವಾಗ ಕಾಲು ಜಾರಿತು. ನಾನು ಕೈ ಚಾಚಿದೆ. ಅವರು ಬೇಡವೆಂದು ತಲೆಯಾಡಿಸಿ, ಮೈ ಸರಿ ಮಾಡಿಕೊಂಡು, ತಾವೇ ನಡೆದು ಹೊರಗೆ ಬಂದರು.

ಆಮೇಲೆ ಅವರು ಹೇಳಿದ್ದನ್ನು ಶಿವಮೂರ್ತಪ್ಪ ಮೂಗು ಒರೆಸಿಕೊಳ್ಳುತ್ತಾ ಹೇಳಿದ: "ನಮ್ಮೂರಾಗ ಎಲ್ಲಿ ನೋಡಿದ್ರೂ ಐಸು. ನನಗ ಅಂತ ಯಾರೂ ತಂದಿರ್ಲಿಲ್ಲ ಅಂತಾರಪ್ಪ."

ಅಖಾಡ ಬಿಟ್ಟವನಿಗೆ ವಸ್ತಾದನ ಮನೆಯಲ್ಲಿ ಹೋಳಿಗೆ ಊಟ, ಅದೂ ಪದ್ಧತಿಯೇ.

"ಬರ್ರಿ, ಉಣ್ಣಾಕ," ಎಂದೆ.

ಸಾಹೇಬರು ಬೂಟು ಕೈಯಲ್ಲಿ ಹಿಡಿದು ಕುಂಟುತ್ತಾ ಮುಂದೆ ನಡೆದರು. ನಾವ್ಯಾರೂ ಅವರ ತೋಳು ಹಿಡಿಯಲಿಲ್ಲ.