ಕೃಷ್ಣಮೋಹನ ಮತ್ತೆ ಒಲೆ ಹಚ್ಚಿದ್ದು

ಪಂಜದ ಬಸ್ ಸ್ಟಾಂಡಿನ ಎದುರು ಕೃಷ್ಣಮೋಹನನ ಹೋಟೆಲು ನಡೆಯುತ್ತಿದ್ದ ಕಾಲದಲ್ಲಿ, ಅವನ ಗೋಳಿಬಜೆ ಎಣ್ಣೆಯಿಂದ ಮೇಲೆ ಬರುವವರೆಗೆ ಸುಬ್ರಹ್ಮಣ್ಯದ ಬಸ್ಸು ಹೊರಡುತ್ತಿರಲಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಮಾತಿಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಆದರೆ ಅವನ ಕೈಗುಣ ಸುಳ್ಳಲ್ಲ. ಅಂಥವನು ಒಂದು ಬೆಳಿಗ್ಗೆ ಸಾಂಬಾರನ್ನು ಮೂಸಿ ನೋಡಿ, ಇದಕ್ಕೆ ಯಾರೋ ಏನೋ ಹಾಕಿದ್ದಾರೆ ಎಂದು ಪಾತ್ರೆಯನ್ನೇ ಚರಂಡಿಗೆ ಕವುಚಿದ. ಮರುದಿನ ಹಾಲಿಗೂ ಅದೇ ಗತಿಯಾಯಿತು. ಆಮೇಲೆ ಗಿರಾಕಿಗಳು ಆಡುವುದೆಲ್ಲ ತನ್ನ ಬಗ್ಗೆಯೇ ಎಂದು ಅವನಿಗೆ ಕೇಳಿಸತೊಡಗಿತು. ಗಿರಾಕಿಗಳು ಬರುವುದು ನಿಂತ ಮೇಲೂ ಕೇಳಿಸುತ್ತಿತ್ತು. ಎಪ್ಪತ್ತೆಂಟರ ಮಳೆಗಾಲಕ್ಕೆ ಮೊದಲೇ ಹೋಟೆಲಿನ ಒಲೆ ಆರಿತು.

ಹೋಟೆಲಿನ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಅಲ್ಲಿ ಅವನು ಹೆಂಡತಿ ಕೌಸಲ್ಯಾ ಬಡಿಸಿದ್ದನ್ನು ಮಾತ್ರ ತಿನ್ನುತ್ತಿದ್ದ. ಬೇರೆ ಯಾರು ಕೊಟ್ಟರೂ, ದೇವಸ್ಥಾನದ ಪ್ರಸಾದವೇ ಆಗಲಿ, ಮುಟ್ಟುತ್ತಿರಲಿಲ್ಲ. ಲೋಕವೆಲ್ಲ ತನಗೆ ವಿಷ ಕಲಸಲು ಕೂತಿದೆ, ಇವಳ ಕೈಯೊಂದೇ ಶುದ್ಧ ಎಂದು ಅವನ ಲೆಕ್ಕ. ಗಂಡ ಇಷ್ಟು ನಂಬಿದರೆ ಯಾವ ಹೆಂಡತಿಗಾದರೂ ಹೆಮ್ಮೆಯಾಗಬೇಕು. ಕೌಸಲ್ಯಾಳಿಗೆ ಮಾತ್ರ ಅವನು ಒಂದೊಂದು ತುತ್ತು ಎತ್ತುವಾಗಲೂ ಎದೆ ಭಾರವಾಗುತ್ತಿತ್ತು.

ಅವನ ಅಣ್ಣ ಗೌರೀಶಂಕರ ಅಜ್ಜಾವರದಲ್ಲಿ ತೋಟ ಮಾಡಿಕೊಂಡಿದ್ದವನು. ಕೆಟ್ಟವನಲ್ಲ, ತಮ್ಮನ ಮೇಲೆ ಜೀವ ಇಟ್ಟವನೇ. ಇದು ಕೈವಿಷ ಎಂದು ಅವನು ಮೊದಲ ದಿನವೇ ತೀರ್ಮಾನಿಸಿದ್ದ. ಆಗದವರು ಯಾರೋ ಮಂತ್ರಿಸಿದ ವಸ್ತುವನ್ನು ಊಟದಲ್ಲಿ ಕಲಸಿ ಕೊಟ್ಟಿದ್ದಾರೆ, ಅದು ಹೊಟ್ಟೆಯಲ್ಲಿ ಅಂಟಿ ಕೂತು ತಲೆ ಕೆಡಿಸಿದೆ, ವಾಂತಿ ಮಾಡಿಸಿ ತೆಗೆಯದೆ ಬೇರೆ ದಾರಿಯಿಲ್ಲ. ಕೌಸಲ್ಯಾ ಒಮ್ಮೆ ಮೆಲ್ಲಗೆ ಮಂಗಳೂರಿನ ಡಾಕ್ಟರ ಮಾತು ತೆಗೆದಾಗ ಅವನು ಊಟದ ಎಲೆಯಿಂದ ಅರ್ಧಕ್ಕೇ ಎದ್ದಿದ್ದ. ಹುಚ್ಚಿನ ಡಾಕ್ಟರ ಹತ್ತಿರ ಹೋದ ಸುದ್ದಿ ಹಬ್ಬಿದರೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂಬುದು ಅವನ ಸಂಕಟ. ಅದು ಸುಳ್ಳು ಸಂಕಟವಾಗಿರಲಿಲ್ಲ, ಊರು ಇದ್ದದ್ದೇ ಹಾಗೆ.

ಕೊನೆಗೆ ಕೌಸಲ್ಯಾ ಯಾರಿಗೂ ಹೇಳದೆ ಮಂಗಳೂರಿಗೆ ಹೋದಳು. ದಾರಿ ತೋರಿಸಿದವಳು ಪಂಜದ ಆಸ್ಪತ್ರೆಯ ನರ್ಸ್ ಲಿಸ್ಸಿ, ನೆಲ್ಯಾಡಿ ಕಡೆಯ ರಬ್ಬರ್ ತೋಟದವರ ಮಗಳು. ಅವಳ ಚಿಕ್ಕಪ್ಪನೊಬ್ಬ ಇದೇ ರೀತಿ ಆಗಿ ಸುಧಾರಿಸಿಕೊಂಡಿದ್ದನಂತೆ. ಮಂಗಳೂರಿನ ಡಾಕ್ಟರು, ರೋಗಿಯನ್ನು ಬಿಟ್ಟು ನೀವೊಬ್ಬರೇ ಬಂದರೆ ಹೇಗಮ್ಮ ಎಂದು ಮೊದಲು ಸಿಡುಕಿದರು. ಆಮೇಲೆ ಎಲ್ಲವನ್ನೂ ಕೇಳಿಸಿಕೊಂಡು, ಇದು ಕಾಯಿಲೆ, ಇದಕ್ಕೆ ಮದ್ದು ಉಂಟು ಎಂದರು. ಅಷ್ಟು ಕಾಲದಲ್ಲಿ ಅದನ್ನು ಕಾಯಿಲೆ ಎಂದು ಕರೆದವರು ಅವರೊಬ್ಬರೇ. ಕೌಸಲ್ಯಾ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು. ಗುಳಿಗೆಯನ್ನು ಅವರಾಗಿ ತಿನ್ನದಿದ್ದರೆ ಸದ್ಯಕ್ಕೆ ಊಟದಲ್ಲಿ ಬೆರೆಸಿ ಕೊಡಿ, ಒಂದು ಹೊತ್ತೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದರು. ಇನ್ನೊಂದು ಮಾತನ್ನೂ ಹೇಳಿದ್ದರು: ಸ್ವಲ್ಪ ಗುಣ ಕಂಡ ಕೂಡಲೇ ನೀವೇ ಅವರಿಗೆ ತಿಳಿಸಬೇಕು, ಅವರಾಗಿ ಕಂಡುಹಿಡಿಯುವ ಹಾಗೆ ಆಗಬಾರದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥ ಬದುಕು ಶುರುವಾಯಿತು. ಅವನು ಸ್ನಾನಕ್ಕೆ ಹೋದಾಗ ಗುಳಿಗೆಯನ್ನು ಅರೆಯುವ ಕಲ್ಲಿನಲ್ಲಿ ಪುಡಿ ಮಾಡುವುದು, ಬೆಲ್ಲದಲ್ಲೋ ಚಟ್ನಿಯಲ್ಲೋ ಸೇರಿಸುವುದು, ಕಲ್ಲು ತೊಳೆಯುವುದು. ವಿಷ ಹಾಕುವವಳೂ ಇದಕ್ಕಿಂತ ಬೇರೆ ಏನು ಮಾಡುತ್ತಾಳೆ ಎಂದು ಅವಳಿಗೇ ಅನಿಸುತ್ತಿತ್ತು. ಆದರೆ ಅವನಿಗೆ ನಿದ್ದೆ ಬಂತು. ಗೋಡೆಯ ಜೊತೆ ಮಾತು ಕಡಿಮೆಯಾಯಿತು. ಒಂದು ದಿನ ಹೋಟೆಲಿನ ಜಗಲಿಯಲ್ಲಿ ಕೂತು, ಕೇಳದೆಯೇ ನೀರುಳ್ಳಿ ಕೊಚ್ಚಿ ಕೊಟ್ಟ. ಇವತ್ತು ಹೇಳುತ್ತೇನೆ ಎಂದುಕೊಂಡ ಕೌಸಲ್ಯಾ, ಆ ಸಣ್ಣಗೆ ಹೆಚ್ಚಿದ ನೀರುಳ್ಳಿಯನ್ನು ನೋಡಿ ನಾಳೆಗೆ ಮುಂದೂಡಿದಳು. ಹೀಗೇ ನಾಳೆಗಳು ಹೋದವು.

ತಮ್ಮ ಗೆಲುವಾದದ್ದು ಕಂಡು ಅಣ್ಣನಿಗೆ ಹುರುಪು ಬಂತು. ತಾನು ಹೊತ್ತ ಹರಕೆ ಫಲಿಸುತ್ತಿದೆ, ಇನ್ನು ಹೊಟ್ಟೆಯಲ್ಲಿ ಉಳಿದದ್ದನ್ನೂ ತೆಗೆಸಿಬಿಟ್ಟರೆ ಮುಗಿಯಿತು ಎಂದ. ಆಲೆಟ್ಟಿಯ ಕುಕ್ಕಪ್ಪ ಕೈವಿಷ ತೆಗೆಯುವುದರಲ್ಲಿ ಹೆಸರು ಮಾಡಿದವನು. ಹಿಂದಿನ ಸಂಜೆಯೇ ಅಜ್ಜಾವರಕ್ಕೆ ಬನ್ನಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಎಂದು ಅಣ್ಣನ ಅಪ್ಪಣೆಯಾಯಿತು. ಬೇಡವೆನ್ನಲು ಕೌಸಲ್ಯಾಳ ಬಳಿ ಹೇಳಬಹುದಾದ ಕಾರಣವೇ ಇರಲಿಲ್ಲ. ಒಂದು ವಾಂತಿ ತಾನೇ, ಆಗಿ ಹೋಗಲಿ ಎಂದುಕೊಂಡಳು.

ಬೆಳಿಗ್ಗೆ ಪರರ ಅಡುಗೆಮನೆಯಲ್ಲಿ ಗುಳಿಗೆ ಪುಡಿ ಮಾಡುವುದು ಹೇಗೆ? ತಪ್ಪಿಸುವ ಹಾಗೂ ಇಲ್ಲ. ಅವಳು ಒಂದು ಕದಳಿ ಬಾಳೆಹಣ್ಣಿನ ತುದಿ ಸುಲಿದು, ಗುಳಿಗೆಯನ್ನು ಇಡಿಯಾಗಿ ಒಳಗೆ ಒತ್ತಿ, ಕೊಟ್ಟಿಗೆಯ ಮರೆಯಲ್ಲಿ ಅವನಿಗೆ ಕೊಟ್ಟಳು. ಹಸಿವಾದೀತು, ಭಾವನಿಗೆ ಗೊತ್ತಾಗುವುದು ಬೇಡ ಎಂದಳು. ಕೃಷ್ಣಮೋಹನ ಕಳ್ಳ ಹುಡುಗನ ಹಾಗೆ ಅತ್ತಿತ್ತ ನೋಡಿ, ಎರಡೇ ಬಾಯಿಗೆ ನುಂಗಿ ನಕ್ಕ. ಅವನ ನಗು ಕಂಡು ಎಷ್ಟು ಕಾಲವಾಗಿತ್ತೋ. ಆ ನಗು ಅವಳ ಜೀವಕ್ಕೆ ತಂಪೆನಿಸಿತು.

ಕುಕ್ಕಪ್ಪ ಯಾವುದೋ ಸೊಪ್ಪಿನ ರಸವನ್ನು ಕೌಸಲ್ಯಾಳ ಕೈಯಿಂದಲೇ ಕುಡಿಸಿ, ಅಂಗಳದಲ್ಲಿ ಬಾಳೆಲೆ ಹಾಸಿ ಕೂರಿಸಿದ. ಬೇರೆ ದಿನಗಳಲ್ಲಾದರೆ ಎಲೆಯ ಮೇಲೆ ಬಿದ್ದದ್ದನ್ನು ಕಡ್ಡಿಯಿಂದ ಕೆದಕಿ, ಒಂದು ಕೂದಲೋ ನಾರೋ ಸಿಕ್ಕಿದರೆ ಅದೇ ಕೈವಿಷ ಎಂದು ತೋರಿಸುತ್ತಿದ್ದ, ಕಾಣದವರಿಗೂ ಕಾಣುತ್ತಿತ್ತು. ಅಂದು ಕೆದಕುವ ಶ್ರಮವೇ ಇರಲಿಲ್ಲ. ಹಣ್ಣಿನ ಲೋಳೆಯ ನಡುವೆ ಗುಂಡಗಿನ ಬಿಳಿಯ ಗುಳಿಗೆ ಬಿದ್ದಿತ್ತು. ಕುಕ್ಕಪ್ಪನೇ ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷ ತೆಗೆದವನು, ನಿಜವಾಗಿ ಬಂದದ್ದನ್ನು ಅಂದೇ ಕಂಡನೋ ಏನೋ.

ಕೃಷ್ಣಮೋಹನ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ.

"ಬಾಳೆಹಣ್ಣಿನಲ್ಲಾ?" ಎಂದು ಕೇಳಿದ.

ಅವಳು ತಲೆಯಾಡಿಸಿದಳು.

"ದಿನಾಲೂ ಉಂಟಾ?"

"ದಿನಾಲೂ ಉಂಟು," ಎಂದಳು. "ಅದು ವಿಷ ಅಲ್ಲ. ಮಂಗಳೂರಿನ ಡಾಕ್ಟ್ರು ಕೊಟ್ಟ ಮದ್ದು. ನಿಮಗೆ ನಿದ್ದೆ ಬಂದದ್ದು ಇದರಿಂದಲೇ."

ಗೌರೀಶಂಕರನ ಮುಖ ಕಪ್ಪಿಟ್ಟಿತು. "ಮದ್ದಾದರೆ ಕದ್ದು ಕೊಡುದು ಎಂತಕ್ಕೆ?" ಎಂದ.

ಹೇಳಿ ಕೊಟ್ಟಿದ್ದರೆ ಭಾವನೇ ಬಿಡುತ್ತಿರಲಿಲ್ಲ ಎನ್ನಲು ಕೌಸಲ್ಯಾಳ ನಾಲಿಗೆ ಏಳಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ, ಪೊಟ್ಟಣದಲ್ಲಿದ್ದ ಗುಳಿಗೆಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು, ನೋಡಿ, ನಾನೂ ತಿನ್ನುತ್ತೇನೆ, ವಿಷವಾದರೆ ನನಗೂ ಆಗಲಿ ಎಂದಳು. ಗಂಡನ ಕಣ್ಣಿನ ಸಂಶಯ ಕರಗಲಿಲ್ಲ. ಇನ್ನೊಂದು ನುಂಗಿದಳು, ಮತ್ತೊಂದನ್ನೂ ನುಂಗಿದಳು. ಕಾಯಿಲೆಯವನನ್ನು ಹದಕ್ಕೆ ತರುವ ಗುಳಿಗೆ, ಆರೋಗ್ಯದವಳ ಖಾಲಿ ಹೊಟ್ಟೆಗೆ ಹೋದರೆ ನೆಲ ಹಿಡಿಸುತ್ತದೆ ಎಂದು ಪಾಪ ಅವಳಿಗೆ ಹೇಗೆ ಗೊತ್ತಿರಬೇಕು.

ಸುಳ್ಯದಲ್ಲಿ ಬಸ್ಸು ಹತ್ತುವಾಗಲೇ ಅವಳ ಕಣ್ಣು ಮುಚ್ಚುತ್ತಿತ್ತು. ಪಂಜದಲ್ಲಿ ಇಳಿಯಲು ಎದ್ದವಳು ತಲೆ ತಿರುಗಿ ಸೀಟಿನ ಮೇಲೆಯೇ ಬಿದ್ದಳು. ಏನೋ ಹೇಳಹೊರಟರೆ ನಾಲಿಗೆ ಹೊರಳಲಿಲ್ಲ. ಕೃಷ್ಣಮೋಹನ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದ.

ಎಚ್ಚರವಾದಾಗ ಮರುದಿನದ ಮಧ್ಯಾಹ್ನ. ಗಂಜಿ ಬೇಯುವ ವಾಸನೆ, ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು. ಹೋಟೆಲಿನ ದೊಡ್ಡ ಒಲೆ ಉರಿಯುತ್ತಿತ್ತು. ಆ ಒಲೆ ಉರಿಯಲಿ ಎಂದು ಅವಳು ಬೇಡದ ದೇವರಿರಲಿಲ್ಲ. ಗುಣವಾಯಿತು, ದೇವರೇ, ಎಲ್ಲ ಗುಣವಾಯಿತು ಎಂದು ಕಣ್ಣು ತುಂಬಿ ಬಂತು.

ಅವನು ತಟ್ಟೆ ಹಿಡಿದು ಬಂದು ಚಾಪೆಯ ಬಳಿ ಕೂತ. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ರಾತ್ರಿಯೆಲ್ಲ ಅತ್ತ ಕಣ್ಣುಗಳು.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಾರಾಯ್ತಿ," ಎಂದ. "ನಿನ್ನ ಕೈಯಲ್ಲಿ ಅವರು ಮಾಡಿಸಿದ್ದು. ಈಗ ನಿನಗೂ ಹಾಕಿದ್ದಾರೆ. ನಾನು ಕಣ್ಣಾರೆ ನೋಡಿದೆನಲ್ಲ, ನೀನು ಒಂದು ದಿನವಿಡೀ ಹೆಣದ ಹಾಗೆ ಬಿದ್ದಿದ್ದೆ."

ಅವಳು ಅಲ್ಲ ಎನ್ನಲು ನೋಡಿದಳು. ನಾಲಿಗೆ ಇನ್ನೂ ದಪ್ಪವಾಗಿತ್ತು.

ಪೊಟ್ಟಣವನ್ನು ಒಲೆಗೆ ಹಾಕಿದೆ, ಪೆಟ್ಟಿಗೆಯಲ್ಲಿ ಬಚ್ಚಿಟ್ಟದ್ದನ್ನೂ ಹುಡುಕಿ ಹಾಕಿದೆ ಎಂದು ಅವನು ಮಗುವಿಗೆ ಸಮಾಧಾನ ಹೇಳುವವನಂತೆ ಹೇಳಿದ. ಆಸ್ಪತ್ರೆಯ ಲಿಸ್ಸಿ ಬಂದಿದ್ದಳಂತೆ, ಬಾಗಿಲಿನಿಂದಲೇ ಕಳಿಸಿದನಂತೆ. ಅವನ ಸೊಂಟದ ಉಡಿದಾರದಲ್ಲಿ ಅಡುಗೆಮನೆಯ ಬೀಗದ ಕೈ ನೇತಾಡುತ್ತಿತ್ತು.

"ಇನ್ನು ಅಡುಗೆ ನಾನೇ ಮಾಡುದು," ಎಂದ. "ನಿನಗೂ ನನಗೂ. ನೀನು ಒಳಗೆ ಬರುದೇ ಬೇಡ."

ಗಂಜಿಯನ್ನು ಊದಿ ಊದಿ ಆರಿಸಿ, ಒಂದು ತುತ್ತನ್ನು ಅವಳ ತುಟಿಗೆ ಹಿಡಿದ. ಕೌಸಲ್ಯಾ ಬಾಯಿ ತೆರೆದಳು. ಉಪ್ಪು ಹಿಂದಿನ ಹಾಗೆಯೇ ಹದವಾಗಿತ್ತು.