ಸಾವಂತ್ರವ್ವನ ಬ್ಯಾಟರಿ

“ಅಣ್ಣಾರ, ಇದು ಮನಿಗೂ ನಡೀತದ, ಕ್ಯಾಂಪಿಗೂ ನಡೀತದ, ವಾಚ್‌ಮನ್ ಡ್ಯೂಟಿಗೂ ನಡೀತದ,” ಎಂದು ಖಾನಾಪುರದ ಅಂಗಡಿಯವ ಟಾರ್ಚ್ ಬ್ಯಾಟರಿಯನ್ನು ಸತ್ಯಪ್ಪನ ಕೈಗಿಟ್ಟ.

ಡ್ಯೂಟಿ ಸತ್ಯಪ್ಪನದಲ್ಲ, ಅವನ ಹೆಂಡತಿ ಸಾವಂತ್ರವ್ವನದು. ಬೆಳಗಾವಿಯ ಸದಾಶಿವನಗರದ ಹುಡುಗಿಯರ ಹಾಸ್ಟೆಲಿಗೆ ಆಕೆಯೇ ಕಾವಲು. ಆಕೆ ಏನು ಕೇಳಿದರೂ ಅಂಗಡಿಯವ ಉತ್ತರ ಕೊಡುತ್ತಿದ್ದುದು ಗಂಡನಿಗೆ.

“ಕೇಳಾಕಿ ನಾನ್ರೀ! ಮಳ್ಯಾಗ ಕಾಂಪೌಂಡ್ ಸುತ್ತಬೇಕು. ನೀರು ಬಿದ್ರ ಹೆಂಗ?”

“ನೀರಾಗ ಮುಳುಗಿಸಿದ್ರೂ ಏನೂ ಆಗೂದಿಲ್ರಿ, ಅಣ್ಣಾರ. ಅಕ್ಕಾರಿಗೆ ಬೇಕಾದ್ರ ಆ ಗುಲಾಬಿ ಬಣ್ಣದ ಸಣ್ಣದು ಕೊಡಸ್ರಿ, ಚಂದ ಐತಿ.”

“ಕಳ್ಳ ಬಂದ್ರ ಅವಗ ಚಂದ ತೋರಸ್ಲೇನು?”

“ನನ್ನ ಮಾರಿ ಯಾಕ ನೋಡ್ತಿ ತಮ್ಮಾ?” ಎಂದ ಸತ್ಯಪ್ಪ. “ಕಾಯಾಕಿ ಅಕಿ.”

ಸಾವಂತ್ರವ್ವ ಗಂಡನ ಕೈಯಿಂದ ಬ್ಯಾಟರಿ ಕಸಿದುಕೊಂಡು, ಹೊತ್ತಿಸಿ, ಬಾಗಿಲ ಬಳಿಯಿದ್ದ ನೀರಿನ ಬಕೆಟ್ಟಿಗೆ ಹಾಕಿದಳು. ಅದು ಎರಡು ಸಲ ಮಿಣುಕಿ ಆರಿಹೋಯಿತು.